ಸಿವಿಟಿಯ ಹಿಡಿತ, ಟಾರ್ಕ್ ಕನ್ವರ್ಟರಿನ ಹಲ್ಲು

ಕಾರಿನ ಬ್ರೋಷರ್ ಕೈಗೆ ಸಿಕ್ಕಿದರೆ ಫೋಟೋಗಳನ್ನು ದಾಟಿ ಕೊನೆಯ ಪುಟದ ಸಣ್ಣಕ್ಷರದ ಪಟ್ಟಿಗೆ ಹೋಗಿ, ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಎಂಬ ಸಾಲನ್ನು ಓದಿ. ನಿಸಾನ್ ಮ್ಯಾಗ್ನೈಟ್‌ನ ಒಂದು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಮ್ಯಾನುಯಲ್ ಗೇರಿನ ಜೊತೆ 160 ನ್ಯೂಟನ್ ಮೀಟರ್ ಕೊಡುತ್ತದೆ. ಅದೇ ಎಂಜಿನ್‌ಗೆ ಸಿವಿಟಿ ಎಂಬ, ಗೇರಿನ ಮೆಟ್ಟಿಲುಗಳಿಲ್ಲದ ಆಟೊಮ್ಯಾಟಿಕ್ ಹಾಕಿದರೆ 152. ರೆನೋ ಕೈಗರ್‌ನಲ್ಲೂ ಇದೇ ಲೆಕ್ಕ. ಈಗ ಮಹೀಂದ್ರ ಸ್ಕಾರ್ಪಿಯೊ-ಎನ್ ಡೀಸೆಲ್ ತೆಗೆದುಕೊಳ್ಳಿ: ಮ್ಯಾನುಯಲ್‌ನಲ್ಲಿ 370, ಆಟೊಮ್ಯಾಟಿಕ್‌ನಲ್ಲಿ 400. ಎಕ್ಸ್‌ಯುವಿ700 ಡೀಸೆಲ್‌ನ ಮೇಲಿನ ಮಾದರಿಗಳಲ್ಲಿ 420 ಮತ್ತು 450. ಟೊಯೋಟಾ ಫಾರ್ಚೂನರ್ 2.8ರಲ್ಲಿ 420 ಮತ್ತು 500. ಶೋರೂಮಿನವರು ಎರಡನ್ನೂ ‘ಆಟೊಮ್ಯಾಟಿಕ್ ಸಾರ್’ ಅಂದು ಮುಗಿಸುತ್ತಾರೆ. ಆದರೆ ಒಂದರ ಮುಂದೆ ಕಂಪನಿಯೇ ಎಂಜಿನ್ನಿನ ಬಲವನ್ನು ಕಡಿಮೆ ಮಾಡಿದೆ, ಇನ್ನೊಂದರ ಮುಂದೆ ಹೆಚ್ಚಿಸಿದೆ.

ಕಾರಣ ಸರಳ. ಸಿವಿಟಿಯಲ್ಲಿ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದು ಉಕ್ಕಿನ ಮೇಲೆ ಉಕ್ಕು ಒತ್ತಿದಾಗ ಹುಟ್ಟುವ ಹಿಡಿತದಿಂದ. ಜನ ಟಾರ್ಕ್ ಕನ್ವರ್ಟರ್ ಎಂದು ಕರೆಯುವ ಮಾಮೂಲಿ ಆಟೊಮ್ಯಾಟಿಕ್‌ನಲ್ಲಿ ಹೋಗುವುದು ಹಲ್ಲಿಗೆ ಹಲ್ಲು ಕಚ್ಚಿದ ಗೇರುಗಳ ಮೂಲಕ. ಓಡಿಸುವಾಗಿನ ಅನುಭವ, ಮೈಲೇಜ್, ಘಾಟಿಯಲ್ಲಿ ಏರುವ ಬಿಸಿ, ಆಯಿಲ್, ಕೆಟ್ಟರೆ ಬರುವ ಬಿಲ್ಲು ಎಲ್ಲವೂ ಈ ಒಂದು ವ್ಯತ್ಯಾಸದಿಂದಲೇ ಹೊರಡುತ್ತವೆ.

ಸಿವಿಟಿ ಒಳಗೆ ಎರಡು ಪುಲ್ಲಿಗಳಿರುತ್ತವೆ, ಒಂದು ಎಂಜಿನ್ ಕಡೆಗೆ, ಒಂದು ಚಕ್ರದ ಕಡೆಗೆ. ಪ್ರತಿ ಪುಲ್ಲಿಯೂ ಎದುರುಬದುರು ಕೂತ ಎರಡು ಶಂಕುಗಳು. ಒಂದು ಸ್ಥಿರ, ಇನ್ನೊಂದು ಆಯಿಲ್ ಒತ್ತಡದಿಂದ ಹಿಂದೆ ಮುಂದೆ ಸರಿಯುವಂಥದ್ದು. ಶಂಕುಗಳು ಹತ್ತಿರ ಬಂದರೆ ಬೆಲ್ಟ್ ಮೇಲಕ್ಕೇರಿ ದೊಡ್ಡ ಸುತ್ತು ಹಾಕುತ್ತದೆ, ದೂರ ಸರಿದರೆ ಒಳಗಿಳಿದು ಸಣ್ಣ ಸುತ್ತು. ಒಂದು ಪುಲ್ಲಿಯಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಹೀಗಾಗಿ ಒಂದನೇ ಗೇರು, ಎರಡನೇ ಗೇರು ಎಂಬ ಮೆಟ್ಟಿಲುಗಳೇ ಇಲ್ಲ, ಅತಿ ಕೆಳಗಿನ ಅನುಪಾತದಿಂದ ಅತಿ ಮೇಲಿನದರ ತನಕ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು.

ಇದೇ ತತ್ವ ನಮ್ಮೂರಿನ ಪ್ರತಿ ಆಕ್ಟಿವಾ, ಜುಪಿಟರ್‌ನಲ್ಲೂ ಇದೆ. ಅಲ್ಲಿರುವುದು ಒಣ ರಬ್ಬರ್ ಬೆಲ್ಟ್, ಪುಲ್ಲಿಯನ್ನು ಸರಿಸುವುದು ರೋಲರ್ ತೂಕಗಳು, ಸವೆದರೆ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಬೆಲ್ಟ್ ಬದಲಿಸಿ ಕೊಡುತ್ತಾನೆ. ಕಾರಿಗೆ ರಬ್ಬರ್ ಬೆಲ್ಟಿನ ಪ್ರಯೋಗವೂ ನಡೆದಿದೆ. 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿ ತನ್ನ ಪುಟ್ಟ ಕಾರು ಡಾಫ್ 600ಕ್ಕೆ ಹ್ಯೂಬ್ ವಾನ್ ಡೋರ್ನೆ ರೂಪಿಸಿದ ವೇರಿಯೊಮ್ಯಾಟಿಕ್ ಅಳವಡಿಸಿತು. ಆ ಕಾರುಗಳು ಮುಂದೆ ಓಡುವಷ್ಟೇ ವೇಗದಲ್ಲಿ ಹಿಂದಕ್ಕೂ ಓಡುತ್ತಿದ್ದವು, ಡಚ್ಚರು ಅವುಗಳಿಗೆ ರಿವರ್ಸ್ ರೇಸ್ ಏರ್ಪಡಿಸಿ ಮಜಾ ತೆಗೆದುಕೊಂಡರು. ಆದರೆ ರಬ್ಬರಿಗೆ ದೊಡ್ಡ ಎಂಜಿನ್ನಿನ ಬಲ ತಡೆಯುವ ತಾಕತ್ತಿರಲಿಲ್ಲ. ದಾರಿ ತೆರೆದದ್ದು ವಾನ್ ಡೋರ್ನೆಯ ಕಂಪನಿಯೇ ಮಾಡಿದ ಉಕ್ಕಿನ ಬೆಲ್ಟ್. 1987ರಲ್ಲಿ ಸುಬಾರು ಜಸ್ಟಿಯಲ್ಲಿ ಅದು ಮಾರುಕಟ್ಟೆಗೆ ಬಂತು. ಆ ಕಂಪನಿ 1995ರಲ್ಲಿ ಬಾಷ್ ಕೈಸೇರಿತು.

ಉಕ್ಕಿನ ಬೆಲ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ಮಿಲಿಮೀಟರಿಗೂ ತೆಳ್ಳಗಿನ ಸುಮಾರು 400 ಉಕ್ಕಿನ ತುಂಡುಗಳು ಒಂದರ ಬೆನ್ನಿಗೊಂದು ನಿಂತಿರುತ್ತವೆ. ಅವುಗಳ ಎರಡೂ ಪಕ್ಕದ ಸೀಳಿನಲ್ಲಿ ಕಾಗದದಷ್ಟು ತೆಳುವಾದ ಉಕ್ಕಿನ ಉಂಗುರಗಳನ್ನು ಹತ್ತು ಹನ್ನೆರಡು ಪದರ ಸೇರಿಸಿ ಕೂರಿಸಿರುತ್ತಾರೆ. ಉಂಗುರಗಳ ಕೆಲಸ ತುಂಡುಗಳನ್ನು ಸಾಲಿನಲ್ಲಿ ಹಿಡಿದಿಡುವುದು. ಶಕ್ತಿ ಸಾಗುವುದು ಎಳೆತದಿಂದಲ್ಲ, ತಳ್ಳುವಿಕೆಯಿಂದ: ಸಾಲಾಗಿ ಜೋಡಿಸಿಟ್ಟ ಇಟ್ಟಿಗೆಗಳನ್ನು ಒಂದು ತುದಿಯಿಂದ ನೂಕಿದರೆ ಇನ್ನೊಂದು ತುದಿ ಸರಿಯುವ ಹಾಗೆ. ಹ್ಯುಂಡೈ ಮತ್ತು ಕಿಯಾ ತಮ್ಮದಕ್ಕೆ ಐವಿಟಿ ಎಂದು ಹೆಸರಿಟ್ಟು ಬೆಲ್ಟಿನ ಬದಲು ಚೈನ್ ಬಳಸುತ್ತವೆ. ಸುಬಾರು ಲೀನಿಯರ್‌ಟ್ರಾನಿಕ್‌ನಲ್ಲಿರುವುದೂ ಚೈನೇ. ಚೈನ್ ಎಳೆಯುತ್ತದೆ, ಬೆಲ್ಟ್ ತಳ್ಳುತ್ತದೆ. ಎರಡೂ ಪುಲ್ಲಿಯನ್ನು ಹಿಡಿಯುವುದು ಮಾತ್ರ ಘರ್ಷಣೆಯಿಂದಲೇ.

ಆ ಘರ್ಷಣೆ ತನ್ನಷ್ಟಕ್ಕೆ ಹುಟ್ಟುವುದಿಲ್ಲ. ಒಳಗಿನ ಆಯಿಲ್ ಪಂಪ್ ಪುಲ್ಲಿಗಳನ್ನು ಸದಾ ಒತ್ತಿ ಹಿಡಿದಿರಬೇಕು. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ 2 ಬಾರ್ ಚಿಲ್ಲರೆ. ಹೊರೆ ಹೆಚ್ಚಾದಾಗ ಪುಲ್ಲಿಯ ಮೇಲಿನ ಆಯಿಲ್ ಒತ್ತಡ 50-60 ಬಾರ್ ತನಕ ಹೋಗಬಹುದು. ಒತ್ತಡ ಕಡಿಮೆಯಾದರೆ ಬೆಲ್ಟ್ ಜಾರುತ್ತದೆ. ಹೆಚ್ಚಾದರೆ ಪಂಪ್ ಓಡಿಸಲು ಪೆಟ್ರೋಲ್ ವ್ಯರ್ಥ, ಬೆಲ್ಟಿಗೂ ಬೇನೆ. ಈ ಎರಡರ ನಡುವೆ ಕಂಪ್ಯೂಟರ್ ಕ್ಷಣಕ್ಷಣಕ್ಕೂ ತೂಗಿ ನೋಡುತ್ತಿರುತ್ತದೆ. ಟಾರ್ಕ್ ಜಾಸ್ತಿಯಾದಂತೆ ಹಿಡಿತವೂ ಜಾಸ್ತಿ ಬೇಕು, ಅದಕ್ಕೊಂದು ಮಿತಿ ಇದ್ದೇ ಇದೆ. ಮ್ಯಾಗ್ನೈಟ್‌ನ 8 ನ್ಯೂಟನ್ ಮೀಟರ್ ಕಡಿತ ಆ ಮಿತಿಯ ನೆರಳು. 400ಕ್ಕಿಂತ ಮೇಲೆ ಟಾರ್ಕ್ ಇರುವ ಡೀಸೆಲ್ ಎಸ್‌ಯುವಿಗಳಿಗೆ ಯಾರೂ ಸಿವಿಟಿ ಹಾಕದಿರುವುದಕ್ಕೂ ಅದೇ ಕಾರಣ.

ಮಾಮೂಲಿ ಆಟೊಮ್ಯಾಟಿಕ್ ಒಳಗೆ ಬೇರೆಯೇ ಲೋಕ. ನಡುವೆ ಸೂರ್ಯ ಗೇರು, ಸುತ್ತ ಗ್ರಹ ಗೇರುಗಳು, ಹೊರಗೆ ಉಂಗುರ ಗೇರು. ಇಂಥ ಎರಡು ಮೂರು ಗುಂಪುಗಳನ್ನು ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಪ್ಲೇಟ್‌ಗಳು ಬೇರೆ ಬೇರೆ ಜೋಡಣೆಯಲ್ಲಿ ಹಿಡಿದು ಬಿಟ್ಟು ಆರು ಗೇರು ಹುಟ್ಟಿಸುತ್ತವೆ. ಜರ್ಮನಿಯ ಜಡ್‌ಎಫ್ 2009ರಲ್ಲಿ ತಂದ 8ಎಚ್‌ಪಿಯಲ್ಲಿ ನಾಲ್ಕು ಗುಂಪು, ಐದೇ ಕ್ಲಚ್-ಬ್ರೇಕ್‌ಗಳಿಂದ ಎಂಟು ಗೇರು ಬರುತ್ತದೆ. ಯಾವ ಗೇರಿನಲ್ಲೂ ಬಿಚ್ಚಿಕೊಂಡಿರುವುದು ಎರಡು ಮಾತ್ರ, ಹಾಗಾಗಿ ಎಳೆದಾಡುವ ನಷ್ಟ ಕಡಿಮೆ. ಯಂತ್ರಶಾಸ್ತ್ರದ ಸೊಗಸು ನೋಡಬೇಕೆಂದರೆ ಅದರ ರೇಖಾಚಿತ್ರ ತೆಗೆದು ನೋಡಿ. ಇಲ್ಲಿ ಕ್ಲಚ್ ಪ್ಲೇಟ್ ಜಾರುವುದು ಗೇರು ಬದಲಾಗುವ ಅರೆಕ್ಷಣ ಮಾತ್ರ. ಒಮ್ಮೆ ಕಚ್ಚಿಕೊಂಡ ಮೇಲೆ ಹೊರೆಯೆಲ್ಲ ಹಲ್ಲುಗಳ ಮೇಲೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಇರುವುದು ಟಾರ್ಕ್ ಕನ್ವರ್ಟರ್. ಎಂಜಿನ್ ತಿರುಗಿಸುವ ಒಂದು ರೆಕ್ಕೆಚಕ್ರ ಆಯಿಲನ್ನು ಎದುರಿನ ರೆಕ್ಕೆಚಕ್ರಕ್ಕೆ ಎರಚುತ್ತದೆ, ನಡುವಿನ ಸ್ಟೇಟರ್ ವಾಪಸು ಬರುವ ಆಯಿಲಿನ ದಿಕ್ಕನ್ನು ತಿರುಗಿಸಿ ಕೊಡುತ್ತದೆ. ನಿಂತ ಕಾರು ಹೊರಡುವ ಗಳಿಗೆಯಲ್ಲಿ ಇದು ಎಂಜಿನ್ನಿನ ಟಾರ್ಕನ್ನು ಸರಿಸುಮಾರು ಎರಡು ಪಟ್ಟು ಮಾಡುತ್ತದೆ. ಬೆಲೆ ಬಿಸಿಯ ರೂಪದಲ್ಲಿ. ಅದಕ್ಕೇ ವೇಗ ಸಿಕ್ಕ ಮೇಲೆ ಲಾಕಪ್ ಕ್ಲಚ್ ಎರಡೂ ಚಕ್ರಗಳನ್ನು ನೇರವಾಗಿ ಬೆಸೆದುಬಿಡುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ‘ಸಿವಿಟಿ ಬೇಕಾ, ಟಾರ್ಕ್ ಕನ್ವರ್ಟರ್ ಬೇಕಾ’ ಎಂದು ಎಲ್ಲರೂ ಕೇಳುತ್ತಾರೆ. ಆದರೆ ಹೋಂಡಾ ಸಿಟಿಯ ಸಿವಿಟಿಯಲ್ಲೂ, ಹ್ಯುಂಡೈ ಐವಿಟಿಯಲ್ಲೂ, ಈಗಿನ ಹೆಚ್ಚಿನ ಸಿವಿಟಿಗಳಲ್ಲೂ ಹೊರಡುವಾಗಿನ ನಯಕ್ಕಾಗಿ ಟಾರ್ಕ್ ಕನ್ವರ್ಟರ್ ಇದ್ದೇ ಇದೆ. ವ್ಯತ್ಯಾಸ ಅದರ ಹಿಂದೆ ಬೆಲ್ಟ್ ಇದೆಯೋ ಗೇರು ಇದೆಯೋ ಎಂಬುದರಲ್ಲಿ. ಇನ್ನು ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗಳ ಮೇಲೆ ಬರೆದಿರುವ ಇ-ಸಿವಿಟಿಗೂ ಈ ಬೆಲ್ಟಿಗೂ ಸಂಬಂಧವಿಲ್ಲ. ಅಲ್ಲಿರುವುದು ಗ್ರಹ ಗೇರು ಮತ್ತು ಎರಡು ಮೋಟರ್. ಹೋಂಡಾ ಸಿಟಿ ಹೈಬ್ರಿಡ್‌ನಲ್ಲಂತೂ ಹೆಚ್ಚಿನ ಹೊತ್ತು ಮೋಟರೇ ಚಕ್ರ ತಿರುಗಿಸುತ್ತದೆ. ಸಿವಿಟಿಯ ಬಗ್ಗೆ ಕೇಳಿದ ಭಯವನ್ನೆಲ್ಲ ಹೈಬ್ರಿಡ್ ಮೇಲೆ ಹೊರಿಸುವುದು ತಪ್ಪು. ಎಎಂಟಿ ಎಂದರೆ ಮ್ಯಾನುಯಲ್ ಗೇರ್‌ಬಾಕ್ಸಿಗೆ ಯಂತ್ರದ ಕೈ ಜೋಡಿಸಿದ್ದು, ಡಿಸಿಟಿ ಎಂದರೆ ಎರಡು ಕ್ಲಚ್ಚಿನದು. ಅವೆರಡರ ಕತೆ ಬೇರೆ.

ಓಡಿಸುವ ವಿಷಯಕ್ಕೆ ಬರೋಣ. ಸಿವಿಟಿ ಕಾರಿನಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿದರೆ ಎಂಜಿನ್ ಒಮ್ಮೆಗೇ ನಾಲ್ಕೈದು ಸಾವಿರ ಆರ್‌ಪಿಎಂಗೆ ಏರಿ ಅಲ್ಲೇ ಕೂಗುತ್ತ ನಿಲ್ಲುತ್ತದೆ, ಕಾರು ಹಿಂದಿನಿಂದ ವೇಗ ಕೂಡಿಸಿಕೊಳ್ಳುತ್ತದೆ. ಇದಕ್ಕೇ ರಬ್ಬರ್ ಬ್ಯಾಂಡ್ ಅನ್ನುವುದು. ಕಿವಿಗೆ ಹಿತವಲ್ಲ, ಆದರೆ ದೋಷವೂ ಅಲ್ಲ: ಎಂಜಿನ್ ತನ್ನ ಗರಿಷ್ಠ ಶಕ್ತಿಯ ಜಾಗದಲ್ಲಿ ನಿಂತು ಕೆಲಸ ಮಾಡುತ್ತಿದೆ. ಜನ ದೂರಿದ್ದರಿಂದ ಕಂಪನಿಗಳು ಸಾಫ್ಟ್‌ವೇರ್‌ನಲ್ಲಿ ಸುಳ್ಳು ಗೇರುಗಳನ್ನು ಸೇರಿಸಿವೆ. ಆರ್‌ಪಿಎಂ ಏರಿ ಇಳಿದಂತೆ ತೋರಿಸುತ್ತದೆ, ಅಷ್ಟೇ. ಟೊಯೋಟಾ ಮಾತ್ರ 2018ರಲ್ಲಿ ಡೈರೆಕ್ಟ್ ಶಿಫ್ಟ್ ಸಿವಿಟಿ ಎಂದು ಹೊರಡುವ ಹಂತಕ್ಕೆ ನಿಜವಾದ ಹಲ್ಲಿನ ಗೇರೊಂದನ್ನೇ ಇಟ್ಟಿತು. ಬೆಲ್ಟಿಗೆ ಅತಿ ಹೆಚ್ಚು ಹಿಂಸೆಯಾಗುವ ಗಳಿಗೆಯನ್ನು ಗೇರು ಹೊತ್ತುಕೊಳ್ಳುತ್ತದೆ, ವೇಗ ಸಿಕ್ಕ ಮೇಲೆ ಬೆಲ್ಟಿಗೆ ಬಿಟ್ಟುಕೊಡುತ್ತದೆ. ಈ ತಲೆಮಾರಿನ ಒಳ್ಳೆಯ ಯೋಚನೆಗಳಲ್ಲಿ ಇದೂ ಒಂದು ಎಂದು ನನಗನಿಸುತ್ತದೆ.

ಸಿಲ್ಕ್ ಬೋರ್ಡ್ ಕಡೆಯ ತೆವಳುವ ಟ್ರಾಫಿಕ್‌ನಲ್ಲಿ ಸಿವಿಟಿಗೆ ಸಾಟಿ ಇಲ್ಲ. ಗೇರು ಬದಲಾವಣೆಯ ಜರ್ಕೇ ಇಲ್ಲ. ಆದರೆ ಅಲ್ಲೊಂದು ವಿಚಿತ್ರ ಕಾಣಿಸಬಹುದು. 50ರ ವೇಗದಲ್ಲಿ ಹೋಗುತ್ತಿದ್ದವರು ಅಡ್ಡ ಬಂದ ಬೈಕಿಗೆ ಗಕ್ಕನೆ ಬ್ರೇಕ್ ಹಾಕಿ ನಿಂತು, ತಕ್ಷಣ ಹೊರಟಾಗ ಕಾರು ಮೂರನೇ ಗೇರಿನಲ್ಲಿ ಎದ್ದ ಹಾಗೆ ಮಂಕಾಗಿ ಏಳುತ್ತದೆ. ಪುಲ್ಲಿ ತಿರುಗುತ್ತಿದ್ದರೆ ಮಾತ್ರ ಬೆಲ್ಟ್ ಜಾಗ ಬದಲಿಸಬಲ್ಲದು. ಚಕ್ರ ಪೂರ್ತಿ ನಿಲ್ಲುವುದರೊಳಗೆ ಕೆಳಗಿನ ಅನುಪಾತಕ್ಕೆ ಮರಳಲು ಅದಕ್ಕೆ ಸಮಯ ಸಿಕ್ಕಿರುವುದಿಲ್ಲ. ಗಾಬರಿ ಬೇಡ, ಮೆಲ್ಲಗೆ ಮುಂದೆ ಬಿಟ್ಟರೆ ಕೆಲವೇ ಮೀಟರಿನಲ್ಲಿ ಸರಿಹೋಗುತ್ತದೆ. ಆ ಗಳಿಗೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿಯುವುದು ಮಾತ್ರ ಬೆಲ್ಟಿಗೆ ಕೊಡುವ ದೊಡ್ಡ ಪೆಟ್ಟು.

ಮೈಲೇಜ್ ಬಗ್ಗೆ ಮಾತಾಡಲು ಹ್ಯುಂಡೈ ಕ್ರೆಟಾಗಿಂತ ಒಳ್ಳೆಯ ಉದಾಹರಣೆ ಇಲ್ಲ, ಒಂದೇ ಕಾರಿನಲ್ಲಿ ಎರಡೂ ಸಿಗುತ್ತವೆ. 2024ರ ಮಾದರಿಗೆ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಟ್ಟ ಅಂಕಿ ಹೀಗಿದೆ: 1.5 ಪೆಟ್ರೋಲ್ ಮ್ಯಾನುಯಲ್ ಲೀಟರಿಗೆ 17.4 ಕಿ.ಮೀ., ಅದೇ ಎಂಜಿನ್ ಐವಿಟಿ ಜೊತೆ 17.7. ಡೀಸೆಲ್ ಮ್ಯಾನುಯಲ್ 21.8, ಅದೇ ಡೀಸೆಲ್ ಆರು ಗೇರಿನ ಆಟೊಮ್ಯಾಟಿಕ್ ಜೊತೆ 19.1. ಅಂದರೆ ಸಿವಿಟಿ ಮ್ಯಾನುಯಲನ್ನು ಕೂದಲೆಳೆಯಲ್ಲಿ ಸೋಲಿಸಿತು, ಮಾಮೂಲಿ ಆಟೊಮ್ಯಾಟಿಕ್ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು ತಿಂದುಹಾಕಿತು. ಹೋಂಡಾ ಎಲಿವೇಟ್‌ನಲ್ಲೂ ಮ್ಯಾನುಯಲ್ 15.31, ಸಿವಿಟಿ 16.92. ಹಾಗೆಂದು ಇದೇ ನಿಯಮ ಅಂದುಕೊಳ್ಳಬೇಡಿ. ಮ್ಯಾಗ್ನೈಟ್ ಟರ್ಬೊ 2020ರಲ್ಲಿ ಬಂದಾಗ ಮ್ಯಾನುಯಲ್‌ಗೆ 20, ಸಿವಿಟಿಗೆ 17.7 ಎಂದಿತ್ತು. ಸಿವಿಟಿಯ ಲಾಭವಿರುವುದು ಎಂಜಿನ್ನನ್ನು ಕಡಿಮೆ ಆರ್‌ಪಿಎಂನಲ್ಲಿ ಸದಾ ಇಡುವುದರಲ್ಲಿ. ಪಂಪು ತಿನ್ನುವ ಶಕ್ತಿ ಅದರ ಸಾಲದ ಬಾಬ್ತು. ಹಗುರ ಕಾಲಿನವರಿಗೆ ಲಾಭ ಉಳಿಯುತ್ತದೆ, ಹೈವೇಯಲ್ಲಿ 120ರಲ್ಲೇ ಇರುವವರಿಗೆ ಸಾಲ ಬೆಳೆಯುತ್ತದೆ. ಆ ವೇಗದಲ್ಲಿ ಲಾಕಪ್ ಆಗಿ ಮೇಲಿನ ಗೇರಿನಲ್ಲಿ ಓಡುವ ಆಟೊಮ್ಯಾಟಿಕ್ ಹೆಚ್ಚುಕಡಿಮೆ ಮ್ಯಾನುಯಲ್ ಇದ್ದಂತೆ.

ಘಾಟಿಯಲ್ಲಿ ಎರಡರ ಗುಣವೂ ಬಯಲಾಗುತ್ತದೆ. ಶಿರಾಡಿಯಲ್ಲಿ ಲಾರಿಗಳ ಹಿಂದೆ 15-20ರ ವೇಗದಲ್ಲಿ, ಐದು ಜನ, ಲಗೇಜು, ಏಸಿ ಸಮೇತ ಏರುವಾಗ ಎಂಜಿನ್ ಮೇಲೆ ಪೂರ್ತಿ ಹೊರೆ, ಮುಂದಿನಿಂದ ಬರುವ ಗಾಳಿ ಮಾತ್ರ ಕಡಿಮೆ. ಕನ್ವರ್ಟರ್ ಲಾಕ್ ಆಗುವುದಿಲ್ಲ, ಆಯಿಲ್ ಕಾಯುತ್ತದೆ. ಇದು ಎರಡೂ ಬಗೆಗೆ ಅನ್ವಯ. ಸಿವಿಟಿಯಲ್ಲಿ ಇದರ ಮೇಲೆ ಪುಲ್ಲಿಯ ಬಿಸಿಯೂ ಸೇರುತ್ತದೆ. ಮಿತಿ ದಾಟಿದರೆ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನೇ ಕಡಿತ ಮಾಡುತ್ತದೆ. ಎಷ್ಟು ತುಳಿದರೂ ಪಿಕಪ್ ಇಲ್ಲ ಎನ್ನುವ ಸ್ಥಿತಿ. ಆಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಿ (ಪಾರ್ಕ್) ಹಾಕಿ, ಏಸಿ ಆರಿಸಿ, ಎಂಜಿನ್ನನ್ನು ಮಾತ್ರ ಆರಿಸಬೇಡಿ. ಆಯಿಲ್ ಪಂಪ್ ತಿರುಗುವುದು ಎಂಜಿನ್ ಓಡುತ್ತಿದ್ದರೆ ತಾನೇ? ಆಯಿಲ್ ಕೂಲರ್ ಮೂಲಕ ಹರಿದರೆ ಮಾತ್ರ ತಣಿಯುತ್ತದೆ. ಹತ್ತು ಹದಿನೈದು ನಿಮಿಷ ಸಾಕು. ಮೀಟರಿನಲ್ಲಿ ಎಂಜಿನ್ ಕೂಲಂಟ್ ಬಿಸಿಯ ದೀಪವೂ ಕೆಂಪಗೆ ಉರಿದರೆ ಆ ಮಾತು ಬೇರೆ, ಆಗ ಎಂಜಿನ್ ಆರಿಸಲೇಬೇಕು.

ಇಳಿಯುವಾಗ ಇನ್ನೊಂದು ತಪ್ಪು ನಡೆಯುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಡಿ (ಡ್ರೈವ್) ಯಲ್ಲೇ ಬ್ರೇಕ್ ತುಳಿಯುತ್ತ ಇಳಿದು, ಸೋಮೇಶ್ವರ ತಲುಪುವಾಗ ಬ್ರೇಕ್ ಪ್ಯಾಡಿನ ಸುಟ್ಟ ವಾಸನೆ ಹೊತ್ತು ನಿಲ್ಲುವವರು ಬಹಳ. ಮಾಮೂಲಿ ಆಟೊಮ್ಯಾಟಿಕ್‌ನಲ್ಲಿ ಮ್ಯಾನುಯಲ್ ಮೋಡ್‌ಗೆ ಹಾಕಿ 2ರಲ್ಲಿ ಇಡಿ. ಸಿವಿಟಿಯಲ್ಲಿ ಎಲ್ (ಲೋ) ಅಥವಾ ಎಸ್ (ಸ್ಪೋರ್ಟ್), ಸ್ಟೀರಿಂಗ್ ಹಿಂದೆ ಪ್ಯಾಡಲ್ ಇದ್ದರೆ ಅದು. ಎಲ್ ಹಾಕಿದ ಕೂಡಲೇ ಎಂಜಿನ್ ನಾಲ್ಕು ಸಾವಿರಕ್ಕೇರಿ ಅರಚುತ್ತದೆ, ಹೊಸಬರು ಹೆದರಿ ಮತ್ತೆ ಡಿ ಗೆ ತರುತ್ತಾರೆ. ಹೆದರಬೇಕಿಲ್ಲ, ಇಂಧನ ಹೋಗುತ್ತಿರುವುದಿಲ್ಲ, ಎಂಜಿನ್ ಬರೀ ಬ್ರೇಕಿನ ಕೆಲಸ ಮಾಡುತ್ತಿದೆ. ಎನ್ (ನ್ಯೂಟ್ರಲ್) ಹಾಕಿ ಇಳಿಯುವುದನ್ನಂತೂ ಮರೆತುಬಿಡಿ: ಎಂಜಿನ್ ಬ್ರೇಕಿಂಗ್ ಹೋಯಿತು, ಒಳಗೆ ಗೇರುಗಳು ಜೋರಾಗಿ ತಿರುಗುತ್ತಿದ್ದರೂ ಪಂಪ್ ಮಾತ್ರ ಐಡಲ್‌ನಲ್ಲಿ ನಿಧಾನ. ಉಳಿಯುವ ಪೆಟ್ರೋಲ್ ಸೊನ್ನೆ.

ಏರಿನಲ್ಲಿ ನಿಂತಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆ ಕಾರನ್ನು ತೂಗಿ ನಿಲ್ಲಿಸುವ ಚಟವೂ ಬಿಡಬೇಕಾದ್ದು. ಆ ಶಕ್ತಿಯೆಲ್ಲ ಕನ್ವರ್ಟರಿನೊಳಗೆ ಬಿಸಿಯಾಗಿ ಕರಗುತ್ತದೆ. ನಿಲ್ಲಿಸಿ ಹೋಗುವಾಗಿನ ಕ್ರಮ: ಬ್ರೇಕ್ ತುಳಿದು ಎನ್, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲಿನ ಬ್ರೇಕ್ ಬಿಟ್ಟು ಕಾರಿನ ತೂಕ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ, ಮತ್ತೆ ಬ್ರೇಕ್ ತುಳಿದು ಪಿ. ನೇರ ಪಿ ಹಾಕಿ ಬಿಟ್ಟರೆ ಇಡೀ ಕಾರು ಒಂದು ಬೆರಳಿನಷ್ಟು ಪಾರ್ಕಿಂಗ್ ಕೊಂಡಿಗೆ ನೇತುಬೀಳುತ್ತದೆ. ಮರುದಿನ ಪಿ ಇಂದ ತೆಗೆಯುವಾಗ ಕೇಳುವ ‘ಠಕ್’ ಅದರದ್ದೇ.

ಈಗ ಆಯಿಲ್. ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ಆಯಸ್ಸು ಬಹುಪಾಲು ಇಲ್ಲೇ ನಿರ್ಧಾರವಾಗುತ್ತದೆ, ಹಾಳಾಗುವುದೂ ಇಲ್ಲೇ.

ಎಟಿಎಫ್ ಎನ್ನುವ ಮಾಮೂಲಿ ಆಟೊಮ್ಯಾಟಿಕ್ ಆಯಿಲ್ ಕೆಂಪಗಿರುತ್ತದೆ. ಕಾಗದದಂಥ ಪದರವಿರುವ ಕ್ಲಚ್ ಪ್ಲೇಟ್‌ಗಳು ಜರ್ಕಿಲ್ಲದೆ ಕಚ್ಚಲೆಂದು ಅದರಲ್ಲಿ ಘರ್ಷಣೆ ಹದಮಾಡುವ ರಾಸಾಯನಿಕ ಬೆರೆಸಿರುತ್ತಾರೆ. ಸಿವಿಟಿಯ ಆಯಿಲ್ ಆದ ಸಿವಿಟಿಎಫ್‌ಗೆ ಬೇಕಿರುವುದು ಬೇರೆ: ಉಕ್ಕು ಉಕ್ಕಿನ ನಡುವೆ ಸವೆತ ಆಗಬಾರದು, ಜಾರಲೂ ಬಾರದು. ಸಿವಿಟಿಗೆ ಎಟಿಎಫ್ ಸುರಿದರೆ ಕೆಲವೇ ದಿನಗಳಲ್ಲಿ ಬೆಲ್ಟ್ ಪುಲ್ಲಿಯನ್ನು ಗೀರಿಹಾಕಬಹುದು, ಆಮೇಲೆ ಸರಿಯಾದ ಆಯಿಲ್ ಹಾಕಿದರೂ ಗೀರು ಹೋಗದು. ‘ಎಲ್ಲ ಗಾಡಿಗೂ ಆಗುತ್ತೆ’ ಎಂಬ ಡಬ್ಬ ತೋರಿಸುವ ಗ್ಯಾರೇಜಿನಿಂದ ಹಾಗೇ ಹೊರಟುಬನ್ನಿ. ಹೋಂಡಾಗೆ ಎಚ್‌ಸಿಎಫ್-2, ನಿಸಾನ್‌ಗೆ ಎನ್‌ಎಸ್-3, ಟೊಯೋಟಾ ಸಿವಿಟಿಗೆ ಎಫ್‌ಇ, ಟೊಯೋಟಾದ ಗೇರಿನ ಆಟೊಮ್ಯಾಟಿಕ್‌ಗೆ ಡಬ್ಲ್ಯುಎಸ್: ಹೀಗೆ ಒಂದೊಂದಕ್ಕೂ ಅದರದೇ ಇದೆ. ನಿಮ್ಮ ಕಾರಿನ ವರ್ಷಕ್ಕೆ ಯಾವುದು ಎಂದು ಮಾಲೀಕರ ಕೈಪಿಡಿಯಲ್ಲೇ ನೋಡಿ.

‘ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ’ ಎಂಬ ಮಾತು ಸರ್ವಿಸ್ ಕೌಂಟರಿನಲ್ಲಿ ಕೇಳಿಬರುತ್ತದೆ. ಯಾರ ಲೈಫ್ ಎಂದು ಕೇಳಬೇಕು. ಗೇರ್‌ಬಾಕ್ಸ್ ತಯಾರಿಸುವ ಜಡ್‌ಎಫ್ ಸ್ವತಃ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ನಮ್ಮ ಟ್ರಾಫಿಕ್ಕು, ಬಿಸಿಲು, ಘಾಟಿಗಳೆಲ್ಲ ಕಠಿಣ ಬಳಕೆಯ ಲೆಕ್ಕಕ್ಕೇ ಬರುತ್ತವೆ. ನನ್ನ ಅಳತೆ ಇದು: ಸಿವಿಟಿಗೆ 40,000 ಕಿ.ಮೀ., ಮಾಮೂಲಿ ಆಟೊಮ್ಯಾಟಿಕ್‌ಗೆ 60,000. ಕೈಪಿಡಿ ಇನ್ನೂ ಬೇಗ ಹೇಳಿದರೆ ಅದನ್ನೇ ಪಾಲಿಸಿ.

ಬದಲಿಸುವಾಗ ಡ್ರೇನ್ ಬೋಲ್ಟ್ ಬಿಚ್ಚಿದರೆ ಪೂರ್ತಿ ಆಯಿಲ್ ಬರುವುದಿಲ್ಲ. ಕನ್ವರ್ಟರ್, ಕೂಲರ್, ಆಯಿಲಿನ ಹರಿವನ್ನು ಹಂಚುವ ವಾಲ್ವ್ ಬಾಡಿಯೊಳಗೆ ಅರ್ಧಕ್ಕಿಂತ ಹೆಚ್ಚು ಉಳಿದುಕೊಳ್ಳುತ್ತದೆ. ಒಟ್ಟು ಏಳೂವರೆ ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ ಮೂರೂವರೆ ಲೀಟರ್ ಹೊರಬಂದಿತೆನ್ನಿ. ಅಷ್ಟೇ ಹೊಸದು ಹಾಕಿದರೆ ಒಳಗಿರುವುದರಲ್ಲಿ ಶೇ 47 ಹೊಸದು. ಎಲ್ಲ ಗೇರುಗಳಲ್ಲಿ ಓಡಿಸಿ ಮತ್ತೊಮ್ಮೆ ಮಾಡಿದರೆ ಶೇ 72, ಮೂರನೇ ಸಲಕ್ಕೆ ಶೇ 85. ಹೊತ್ತಿಗೆ ಸರಿಯಾಗಿ ಮಾಡುವವರಿಗೆ ಒಂದು ಸಲ ಸಾಕು. ಲಕ್ಷ ದಾಟಿದ ಮೇಲೆ ಮೊದಲ ಸಲ ಬದಲಿಸುವವರು ಎರಡು ಸಲ ಮಾಡಿಸಿ, ಆದರೆ ಯಂತ್ರ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿಸಬೇಡಿ. ಮೂಲೆಯಲ್ಲಿ ಕೂತ ಕೆಸರು ಎದ್ದು ವಾಲ್ವ್ ಬಾಡಿಯ ಸಣ್ಣ ರಂಧ್ರಗಳಿಗೆ ಸಿಕ್ಕಿಕೊಂಡರೆ ಹೊಸ ತೊಂದರೆ. ಡ್ರೇನ್ ಬೋಲ್ಟಿಗೆ ಹೊಸ ವಾಷರ್, ಫಿಲ್ಟರ್ ಬದಲಿಸುವಂಥದ್ದಾದರೆ ಫಿಲ್ಟರ್ ಮತ್ತು ಪ್ಯಾನ್ ಗ್ಯಾಸ್ಕೆಟ್ ಕೂಡ.

ಹೆಚ್ಚಿನ ಹೊಸ ಕಾರುಗಳಿಗೆ ಡಿಪ್‌ಸ್ಟಿಕ್ ಇಲ್ಲ. ಮಟ್ಟ ನೋಡುವುದು ಕಾರು ಸಮತಟ್ಟಾಗಿ ಲಿಫ್ಟ್ ಮೇಲಿದ್ದು, ಎಂಜಿನ್ ಓಡುತ್ತಿದ್ದು, ಆಯಿಲ್ ಕಂಪನಿ ಹೇಳಿದ ಉಷ್ಣತೆಯಲ್ಲಿದ್ದಾಗ. ಟೊಯೋಟಾಗಳಲ್ಲಿ ಅದು ಸಾಮಾನ್ಯವಾಗಿ 35ರಿಂದ 45 ಡಿಗ್ರಿ. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಚ್ಚಿ ಉಷ್ಣತೆ ನೋಡುತ್ತ, ಮಟ್ಟದ ಬೋಲ್ಟ್ ಬಿಚ್ಚಿ, ಧಾರೆ ಸಣ್ಣಗಾಗಿ ತೊಟ್ಟಿಕ್ಕುವ ಹೊತ್ತಿಗೆ ಮುಚ್ಚಬೇಕು. ಬಿಸಿ ಜಾಸ್ತಿ ಇದ್ದಾಗ ನೋಡಿದರೆ ಆಯಿಲ್ ಹಿಗ್ಗಿ ಹೆಚ್ಚು ಹೊರಹೋಗುತ್ತದೆ, ಕೊನೆಗೆ ಕಡಿಮೆ ಉಳಿಯುತ್ತದೆ. ಪಂಪು ಗಾಳಿ ಎಳೆದುಕೊಂಡರೆ ಸಿವಿಟಿಯಲ್ಲಿ ಒತ್ತಡ ಬಿದ್ದು ಬೆಲ್ಟ್ ಜಾರುತ್ತದೆ. ಅರ್ಧ ಲೀಟರಿನ ಉದಾಸೀನ ಲಕ್ಷಗಟ್ಟಲೆ ಕೇಳುವುದು ಹೀಗೆ.

ಹಳೆ ಆಯಿಲನ್ನು ಬಿಸಾಡುವ ಮೊದಲು ನೋಡಿ. ಡ್ರೇನ್ ಬೋಲ್ಟಿನ ಅಯಸ್ಕಾಂತದ ಮೇಲೆ ಕಾಡಿಗೆಯಂಥ ನುಣುಪು ಬೂದು ಹಿಟ್ಟು ಇದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಎಳೆ ಸಿಕ್ಕರೆ ಒಳಗೇನೋ ಮುರಿಯುತ್ತಿದೆ. ಸುಟ್ಟ ವಾಸನೆಯ ಕಪ್ಪು ಆಯಿಲ್ ಎಂದರೆ ಕ್ಲಚ್ ಪ್ಲೇಟ್ ಬೆಂದಿದೆ. ನೀರು ಬೆರೆತ ಎಟಿಎಫ್ ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗುತ್ತದೆ. ಮಳೆನೀರಲ್ಲಿ ಮುಳುಗಿದ ಕಾರುಗಳಲ್ಲಿ ಗೇರ್‌ಬಾಕ್ಸಿನ ಉಸಿರುನಳಿಕೆಯಿಂದ ನೀರು ಒಳಹೊಕ್ಕಿರುತ್ತದೆ, ಇಲ್ಲವಾದರೆ ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ಕೂಲಂಟ್ ಬೆರೆತಿರುತ್ತದೆ. ಆ ಬಣ್ಣ ಕಂಡಮೇಲೆ ಒಂದು ಕಿಲೋಮೀಟರ್ ಕೂಡ ಓಡಿಸಬಾರದು, ಕ್ಲಚ್ ಪದರದ ಅಂಟು ನೀರಿಗೆ ಬಿಟ್ಟುಕೊಳ್ಳುತ್ತದೆ.

ಕೆಡುವ ರೀತಿಯೂ ಎರಡರದು ಬೇರೆ. ಮಾಮೂಲಿ ಆಟೊಮ್ಯಾಟಿಕ್ ಬಹುಮಟ್ಟಿಗೆ ಮುನ್ಸೂಚನೆ ಕೊಟ್ಟೇ ಕೆಡುತ್ತದೆ. 50ರಿಂದ 80ರ ವೇಗದಲ್ಲಿ ಹಗುರವಾಗಿ ತುಳಿದಾಗ ರಂಬಲ್ ಸ್ಟ್ರಿಪ್ ಮೇಲೆ ಹೋದಂಥ ನಡುಕ ಬಂದರೆ ಲಾಕಪ್ ಕ್ಲಚ್ ಮೇಲೆ ಅನುಮಾನ. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಹಾಗೇ ಇಟ್ಟು ಬ್ರೇಕ್ ಪೆಡಲನ್ನು ಕೇವಲ ದೀಪ ಹತ್ತುವಷ್ಟು ಮುಟ್ಟಿ. ಅನೇಕ ಕಾರುಗಳಲ್ಲಿ ಆಗ ಲಾಕಪ್ ಬಿಟ್ಟುಕೊಳ್ಳುತ್ತದೆ. ನಡುಕ ನಿಂತರೆ ಕನ್ವರ್ಟರ್, ನಿಲ್ಲದಿದ್ದರೆ ಇಗ್ನಿಷನ್ ಕಾಯಿಲ್, ಪ್ಲಗ್ ಕಡೆ ನೋಡಿ. ಈ ನಡುಕ ಎಷ್ಟೋ ಸಲ ಬರೀ ಆಯಿಲ್ ಬದಲಾವಣೆಗೇ ಹೋಗುವುದುಂಟು. ಎರಡರಿಂದ ಮೂರಕ್ಕೆ ಬದಲಾಗುವಾಗ ಆರ್‌ಪಿಎಂ ಸುಮ್ಮನೆ ಚಿಮ್ಮಿದರೆ ಕ್ಲಚ್ ಜಾರುತ್ತಿದೆ ಅಥವಾ ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್ ಒತ್ತಡ ಕೊಡುತ್ತಿಲ್ಲ. ಇವೆಲ್ಲ ಬಿಚ್ಚಿ ರಿಪೇರಿ ಮಾಡಬಹುದಾದವು: ಕ್ಲಚ್ ಕಿಟ್, ಸೊಲೆನಾಯ್ಡ್, ಓರಿಂಗು. ಬೆಂಗಳೂರಿನಲ್ಲಿ ಇದನ್ನೇ ಕಸುಬಾಗಿಸಿಕೊಂಡ ಗ್ಯಾರೇಜುಗಳಿವೆ.

ಸಿವಿಟಿಯ ಬೇರಿಂಗ್ ಹೋದರೆ ‘ಹೂಂ’ ಎಂಬ ದನಿ ಕಾರಿನ ವೇಗದ ಜೊತೆ ಏರಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೂ ನಿಲ್ಲುವುದಿಲ್ಲ. ಅಷ್ಟಕ್ಕೇ ಹಿಡಿದರೆ ಬೇರಿಂಗ್ ಬದಲಿಸಿ ಉಳಿಸಿಕೊಳ್ಳಬಹುದು. ಬೆಲ್ಟ್ ಒಮ್ಮೆ ಜಾರಿ ಪುಲ್ಲಿ ಗೀರಾಯಿತೆಂದರೆ ನಮ್ಮಲ್ಲಿ ಹೆಚ್ಚಿನ ಕಡೆ ಉತ್ತರ ಒಂದೇ, ಇಡೀ ಅಸೆಂಬ್ಲಿ ಬದಲಾವಣೆ. ಮೈಕ್ರಾನ್ ಲೆಕ್ಕದಲ್ಲಿ ಉಜ್ಜಿದ ಆ ಮೇಲ್ಮೈಯನ್ನು ಲೇತಿಗೆ ಹಾಕಿ ಸರಿಮಾಡಲಾಗದು. ಕೆಸರಿನಲ್ಲಿ ಚಕ್ರ ಗಿರಗಿರನೆ ತಿರುಗಿ ಒಮ್ಮೆಗೇ ಕಲ್ಲು ಕಚ್ಚಿ ಹಿಡಿಯುವುದು, ಕಾರು ಹಿಂದಕ್ಕೆ ಉರುಳುತ್ತಿರುವಾಗಲೇ ಆರ್ (ರಿವರ್ಸ್) ಇಂದ ಡಿ ಗೆ ಎಳೆಯುವುದು, ಮುಂದಿನ ಚಕ್ರ ನೆಲದಲ್ಲಿರುವಾಗ ಹಗ್ಗ ಕಟ್ಟಿ ದೂರ ಎಳೆಸುವುದು ಇವು ಬೆಲ್ಟಿನ ಶತ್ರುಗಳು. ಕೆಟ್ಟುನಿಂತ ಸಿವಿಟಿ ಕಾರಿಗೆ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ.

ಸಿವಿಟಿಗೆ ಕೆಟ್ಟ ಹೆಸರು ಬಂದದ್ದು ಮುಖ್ಯವಾಗಿ ಅಮೆರಿಕದಿಂದ. ಅಲ್ಲಿ ನಿಸಾನ್ 2003ರಿಂದ 2010ರ ಮಾದರಿಗಳ ಸಿವಿಟಿ ವಾರಂಟಿಯನ್ನು ಐದು ವರ್ಷ, 60,000 ಮೈಲಿಯಿಂದ ಹತ್ತು ವರ್ಷ, 1,20,000 ಮೈಲಿಗೆ ಏರಿಸಬೇಕಾಯಿತು. ಇಂಟರ್ನೆಟ್‌ನಲ್ಲಿ ಓದಿ ಹೆದರುವವರು ಗಮನಿಸಬೇಕಾದ್ದು, ಅವುಗಳಲ್ಲಿ ಎರಡೂವರೆ, ಮೂರೂವರೆ ಲೀಟರಿನ ಎಂಜಿನ್ನುಗಳ ಭಾರಿ ಕಾರುಗಳೇ ಬಹಳ. ನಮ್ಮಲ್ಲಿ 145 ನ್ಯೂಟನ್ ಮೀಟರಿನ ಹೋಂಡಾ ಸಿಟಿ, 144ರ ಕ್ರೆಟಾದಂಥ ಟರ್ಬೊ ಇಲ್ಲದ ಪೆಟ್ರೋಲ್ ಕಾರುಗಳಲ್ಲಿ ಬೆಲ್ಟ್ ತನ್ನ ಮಿತಿಗಿಂತ ಸಾಕಷ್ಟು ಕೆಳಗೇ ಕೆಲಸ ಮಾಡುತ್ತದೆ. ಊರೊಳಗಿನ ಓಡಾಟವೇ ಹೆಚ್ಚಿದ್ದು, ಮನೆಯಲ್ಲಿ ಮೂರು ನಾಲ್ಕು ಜನ, ಏಳೆಂಟು ವರ್ಷಕ್ಕೆ ಕಾರು ಬದಲಿಸುವವರಿಗೆ ನಾನು ಹೇಳುವುದು ಸಿವಿಟಿಯನ್ನೇ. ಮಲೆನಾಡಿನಲ್ಲಿ ಮನೆಯಿದ್ದು ವಾರವಾರ ಘಾಟಿ ಹತ್ತುವವರು, ತೋಟದ ಕಚ್ಚಾ ರಸ್ತೆಯಲ್ಲಿ ಮಳೆಗಾಲ ಕಳೆಯುವವರು, ಡೀಸೆಲ್ಲೇ ಬೇಕೆನ್ನುವವರು, ಎರಡು ಲಕ್ಷ ಕಿಲೋಮೀಟರ್ ಓಡಿಸುವ ಲೆಕ್ಕ ಹಾಕಿದವರು ಹಲ್ಲಿನ ಗೇರಿಗೇ ಹೋಗಲಿ, ಲೀಟರಿಗೆ ಒಂದೆರಡು ಕಿಲೋಮೀಟರ್ ಹೋದರೆ ಹೋಗಲಿ.

ಸೆಕೆಂಡ್ ಹ್ಯಾಂಡ್ ಸಿವಿಟಿ ನೋಡಲು ಹೋಗುವಾಗ ಮಾರುವವನಿಗೆ ಮೊದಲೇ ಹೇಳಿ, ಎಂಜಿನ್ ತಣ್ಣಗಿರಲಿ. ಬಿಸಿ ಮಾಡಿಟ್ಟ ಕಾರಿನಲ್ಲಿ ಅರ್ಧ ರೋಗ ಅಡಗಿರುತ್ತದೆ. ಬ್ರೇಕ್ ತುಳಿದು ಎನ್ ಇಂದ ಡಿ, ಎನ್ ಇಂದ ಆರ್: ಒಂದೊಂದಕ್ಕೂ ಸುಮಾರು ಒಂದು ಸೆಕೆಂಡಿನೊಳಗೆ ಮೆಲ್ಲಗೆ ಕಚ್ಚಬೇಕು, ಎರಡು ಸೆಕೆಂಡ್ ತಡೆದು ‘ಧಡ್’ ಎಂದರೆ ಒತ್ತಡ ಸರಿಯಿಲ್ಲ. 20ರಿಂದ 40ರ ನಡುವೆ ಹಗುರವಾಗಿ ತುಳಿದು ಹೋಗಿ, ಜಡ್ಡರ್ ಎಂಬ ನಡುಕ ಸಿಗುವುದು ಇಲ್ಲೇ. ಇಪ್ಪತ್ತು ನಿಮಿಷ ಓಡಿಸಿ ಪೂರ್ತಿ ಬಿಸಿಯಾದ ಮೇಲೆ ಒಂದು ಫ್ಲೈಓವರ್ ಏರು ಹಿಡಿದು ಮುಕ್ಕಾಲು ತುಳಿಯಿರಿ. ಆರ್‌ಪಿಎಂ ಸ್ಥಿರವಾಗಿ ನಿಂತು ವೇಗ ಏರುತ್ತಿದ್ದರೆ ಸರಿ, ಮುಳ್ಳು ಮೇಲೆ ಕೆಳಗೆ ಅಲ್ಲಾಡುತ್ತಿದ್ದರೆ ಬೆಲ್ಟ್ ಜಾರುತ್ತಿದೆ. ಸಾವಿರ ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಹಚ್ಚಿ ದೋಷದ ಕೋಡ್ ನೋಡಿ: ಪಿ0776, ಪಿ0868 ಒತ್ತಡದ ತೊಂದರೆ, ಪಿ0741 ಲಾಕಪ್‌ನದು, ನಿಸಾನ್‌ಗಳಲ್ಲಿ ಪಿ17ಎಫ್0, ಪಿ17ಎಫ್1 ಜಡ್ಡರ್‌ಗೇ ಮೀಸಲು, ಆದರೆ ಅಗ್ಗದ ಸ್ಕ್ಯಾನರ್ ಇವೆರಡನ್ನು ತೋರಿಸದೇ ಇರಬಹುದು. ಬ್ಯಾಟರಿ ಬಿಚ್ಚಿ ಕೋಡ್ ಅಳಿಸಿದ್ದಾರೆಯೇ ಎಂದು ತಿಳಿಯಲು ಎಮಿಷನ್ ಪರೀಕ್ಷೆಗಳು ‘ರೆಡಿ’ ಎಂದಿವೆಯೇ ನೋಡಿ, ‘ಅಪೂರ್ಣ’ ಎಂದಿದ್ದರೆ ಯಾರೋ ಇತ್ತೀಚೆಗೆ ಕೈಯಾಡಿಸಿದ್ದಾರೆ. ಕೊನೆಗೆ ಯಾವುದಾದರೂ ಬೇಸ್‌ಮೆಂಟ್ ಪಾರ್ಕಿಂಗಿನ ರ‍್ಯಾಂಪನ್ನು ರಿವರ್ಸ್‌ನಲ್ಲಿ, ನಿಧಾನವಾಗಿ, ನಡುವೆ ಒಮ್ಮೆ ನಿಲ್ಲಿಸಿ ಮತ್ತೆ ಹತ್ತಿಸಿ. ರಿವರ್ಸ್‌ಗೆ ಸಿವಿಟಿಯಲ್ಲಿ ಬೇರೆಯೇ ಕ್ಲಚ್ ಇದೆ, ಡಿ ಯಲ್ಲಿ ಚೆನ್ನಾಗಿ ಓಡಿದ ಕಾರು ಅಲ್ಲಿ ಮುಗ್ಗರಿಸುವುದುಂಟು. ಸರ್ವಿಸ್ ಬಿಲ್ಲುಗಳಲ್ಲಿ ಸಿವಿಟಿಎಫ್ ಎಂಬ ಸಾಲು ಎಷ್ಟು ಕಿಲೋಮೀಟರಿಗೊಮ್ಮೆ ಬಂದಿದೆ ಎಂದು ಹುಡುಕಿ. 80,000 ಓಡಿಯೂ ಆ ಸಾಲು ಒಮ್ಮೆಯೂ ಇಲ್ಲವೆಂದರೆ ಬೆಲೆಯನ್ನು ಹೊಸ ಗೇರ್‌ಬಾಕ್ಸಿನ ಲೆಕ್ಕ ಕಳೆದೇ ಮಾತಾಡಿ.